ಸ್ಪೀಕರಿಗೊಂದು ಉಣ್ಣೆಗವಸು

ಅಟ್‌ಬಾಶಿ
ಅಕ್ಟೋಬರ್ ೧೨

ನನ್ನ ತಂಗಿ ತುರ್ಸುನ್‌ಗೆ,

ಹೇಗಿದ್ದೀಯೆ? ಮಂಡಿ ಇನ್ನೂ ಮುನಿಸಿಕೊಂಡೇ ಇದೆಯಾ? ನಿನ್ನ ಗಂಡ ಗೊರಕೆ ಹೊಡೆದು ಕುದುರೆಗಳನ್ನು ಬೆದರಿಸುವುದನ್ನು ಬಿಟ್ಟನಾ? ಕಾಗದ ತಡವಾಯಿತು, ಬೈಯಬೇಡ. ನೀನು ಫೋನ್ ಮಾಡಿ "ಅಕ್ಕಾ, ಕೇಳಿಸ್ತಿದೆಯಾ? ಕೇಳಿಸ್ತಿದೆಯಾ?" ಎಂದು ಕೊಚ್ಕೋರ್ ಪೇಟೆಯೆಲ್ಲ ಎದ್ದು ಕೂರುವಂತೆ ಕಿರುಚುತ್ತೀಯ. ನನಗೆ ಚೆನ್ನಾಗಿಯೇ ಕೇಳಿಸುತ್ತದೆ ಮಾರಾಯ್ತಿ. ಕೇಳಿಸದಿರುವುದು ನಿನಗೆ. ಗಂಟಲಿನ ಗಂಟು ತೆಗೆದ ಮೇಲೆ ನನ್ನ ಮಾತು ಒಣಹುಲ್ಲಿನ ಮೇಲೆ ಬೆಕ್ಕು ನಡೆದಷ್ಟೇ ಸದ್ದು ಮಾಡುತ್ತದೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಕುರಿದೊಡ್ಡಿಯ ಪಕ್ಕದ ಶಾಲೆಯಲ್ಲಿ ನಾನೆಷ್ಟು ಕಲಿತೆ ಎಂಬುದು ನಿನಗೆ ಗೊತ್ತೇ ಇದೆ. ಓದಲು ಬಾರದ ಕಡೆ ಊಹಿಸಿಕೊ.

ಎರ್ಮೆಕ್ ತೀರಿಕೊಂಡ ವರ್ಷದ ಊಟ ಮುಗಿಯಿತು. ನೀನು ಬರಲಾಗಲಿಲ್ಲ ಎಂಬ ಬೇಸರ ನನಗಿಲ್ಲ, ಆ ಮಂಡಿಯಲ್ಲಿ ಘಟ್ಟ ದಾಟಿ ಬಂದಿದ್ದರೆ ಇನ್ನೊಂದು ಊಟಕ್ಕೆ ಕುದುರೆ ಕಡಿಯಬೇಕಾಗುತ್ತಿತ್ತು. ಹವಾ ಚೆನ್ನಾಗಿತ್ತು. ಪಾಪ್ಲರ್ ಮರಗಳೆಲ್ಲ ಹಳದಿಯಾಗಿ, ಗಾಳಿಯಿಲ್ಲದಿದ್ದರೂ ಒಂದೊಂದೇ ಎಲೆ ಏನೋ ನೆನಪಾದಂತೆ ಕಳಚಿ ಬೀಳುತ್ತಿತ್ತು. ಹಿಮ ಕುಸಿದು ನನ್ನ ಮಗನನ್ನು ಒಯ್ದ ಆ ಬೆಟ್ಟ ಕೂಡ ಏನೂ ಮಾಡದವರ ಹಾಗೆ ಬಿಸಿಲಿನಲ್ಲಿ ಕೂತಿತ್ತು.

ನಿನಗೆ ಬೇಕಾಗಿರುವುದು ಸೊಸೆ ಬೆಗಿಮಾಯ್ ಸುದ್ದಿ ಎಂದು ಗೊತ್ತು. ಹೇಳುತ್ತೇನೆ, ಅವಸರ ಮಾಡಬೇಡ. ಮೊದಲಿನಿಂದ ಹೇಳದಿದ್ದರೆ ನನಗೇ ಅರ್ಥವಾಗುವುದಿಲ್ಲ.

ಬೇಸಿಗೆ ಮುಗಿದು ಹುಲ್ಲುಗಾವಲಿನಿಂದ ಕೆಳಗಿಳಿದ ಮೇಲೆ ಸೊಸೆಯ ಅಣ್ಣ ಓಶ್‌ನಿಂದ ಫೋನ್ ಮಾಡಿದ. ಅಲ್ಲಿನ ಬಜಾರಿನಲ್ಲಿ ಫೋನ್ ರಿಪೇರಿ ಅಂಗಡಿಯಲ್ಲಿ ಅವಳಿಗೊಂದು ಮೇಜು ಇಟ್ಟಿದ್ದಾನಂತೆ, ಮದುವೆಗೆ ಮೊದಲು ಅವಳು ಮಾಡುತ್ತಿದ್ದ ಕೆಲಸವೇ. ವರ್ಷ ಕಳೆಯಲಿ, ಸೂತಕದ ಕಪ್ಪು ಕಳಚಲಿ, ಆಮೇಲೆ ಮಗುವನ್ನು ಕರೆದುಕೊಂಡು ತವರಿಗೆ ಬರಲಿ ಎಂದ. ತಪ್ಪೇನು? ಮೂವತ್ತು ದಾಟದ ಹೆಂಗಸು. ಅವಳ ತಲೆಗೆ ಕಪ್ಪು ರುಮಾಲು ಕಟ್ಟಿದವಳು ನಾನು, ಬಿಚ್ಚಿ ಬಿಳಿ ಕಟ್ಟಬೇಕಾದವಳೂ ನಾನೇ. ಕಟ್ಟಿ, ಎರಡೂ ಅಂಗೈ ತೆರೆದು, ನೆರೆದವರಿಗೆಲ್ಲ ಕೇಳುವಂತೆ ಬಾತಾ ಹೇಳಿ ಹರಸಬೇಕು, ಇನ್ನು ನಿನ್ನ ದಾರಿ ನಿನ್ನದು ಎಂದು. ಹೇಳಲು ನನಗೆ ಗಂಟಲೆಲ್ಲಿದೆ?

ನನ್ನ ಮೈದುನ ಸಪರ್‌ಬೆಕ್ ಗಡ್ಡ ನೀವಿಕೊಂಡು ಬಂದ. "ನಾನಿದೀನಲ್ಲ ಅತ್ತಿಗೆ. ನಿಮ್ ಬದಲು ನಾನೇ ಹೇಳಿದ್ರೆ ಆಯ್ತು."

ನಾನು ಬಾಯಿ ತೆರೆಯುವ ಮೊದಲೇ ಬೆಗಿಮಾಯ್ ತಲೆ ತಗ್ಗಿಸಿಕೊಂಡೇ ಹೇಳಿದಳು: "ಬೇಡ ಚಿಕ್ಕಮಾವ. ಅಪಾ ಬಾಯಿಂದಲೇ ಆಗ್ಬೇಕು. ಅತ್ತೆ ಹೇಳದೆ ನಾನು ಈ ಹೊಸಿಲು ದಾಟಲ್ಲ."

ಸಪರ್‌ಬೆಕ್ ನಕ್ಕ. "ಹಾಗಾದ್ರೆ ನೀನು ಇಲ್ಲೇ ಮುದುಕಿ ಆಗ್ತೀಯ ಬಿಡು. ಈಕೆ ಬಾಯಿಗೆ ದೇವರೇ ಬೀಗ ಹಾಕಿದಾನೆ. ಊರಿಗೆ ಊರೇ ಹರಕೆ ಹೊತ್ತಿತ್ತು ಅದಕ್ಕೆ!"

ಹಳೆಯ ಕಾಲವಾಗಿದ್ದರೆ ಅವನ ಅಜ್ಜನವರೆಗೂ ಹೋಗಿ ಬರುತ್ತಿದ್ದೆ. ಉಸಿರು ಮಾತ್ರ ಹೊರಬಂತು. ಅವನು ಕಿವಿಗೆ ಕೈ ಇಟ್ಟು, "ಏನಂದ್ರಿ? ಹೊಗಳಿದ್ರಾ?" ಎಂದ. ಬೂಟು ಎಸೆದೆ. ಅದು ಅವನಿಗೆ ಚೆನ್ನಾಗಿ ಕೇಳಿಸಿತು.

ಮಾರನೆಯ ದಿನವೇ ಬೆಗಿಮಾಯ್ ಕೆಲಸ ಶುರು ಮಾಡಿದಳು. ಎರ್ಮೆಕ್‌ನ ಹಳೆಯ ಕಾರಿನ ಬಾಗಿಲಿನಿಂದ ಸ್ಪೀಕರು ಬಿಚ್ಚಿದಳು. ಅವನ ತೂತು ಕೊರೆಯುವ ಯಂತ್ರದ ಬ್ಯಾಟರಿ ತೆಗೆದುಕೊಂಡಳು. ಮುರಿದ ಕಪಾಟಿನ ಹಲಗೆ ಕೊಯ್ದು ಬ್ರೆಡ್ಡಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬ ಮಾಡಿ, ಮೇಲೆ ಕುದುರೆ ತಡಿಯ ಪಟ್ಟಿಯನ್ನೇ ಹಿಡಿಯಾಗಿ ಹೊಡೆದಳು. ಒಳಗೆ ಬೆಂಕಿಪೆಟ್ಟಿಗೆಯಂಥ ಒಂದು ಹಸಿರು ಬಿಲ್ಲೆ. ಅದಕ್ಕೆ ಆಂಪ್ಲಿಫೈಯರು ಅನ್ನುತ್ತಾರಂತೆ.

"ಇದೇನ್ ಮಾಡತ್ತೆ?" ಎಂದು ಉಸುರಿದೆ.

"ನಿಮ್ಮ ಪಿಸುಮಾತು ಈ ಕಡೆಯಿಂದ ಒಳಗೆ ಹೋಗತ್ತೆ ಅಪಾ. ಇದು ಬ್ಯಾಟರಿಯಿಂದ ಬಲ ತಗೊಂಡು ಅದನ್ನ ದೊಡ್ಡದು ಮಾಡಿ ಸ್ಪೀಕರಿಗೆ ಕೊಡತ್ತೆ. ಮಾತು ನಿಮ್ದೇ. ಬಲ ಮಾತ್ರ ಸಾಲ."

ಕಿಟಕಿಯ ಬಳಿ ಕೂತು ಅವಳು ಬೆಸುಗೆ ಹಾಕುತ್ತಿದ್ದರೆ ಸಣ್ಣ ಹೊಗೆಯೊಂದು ಎದ್ದು ಬಿಸಿಲಿನಲ್ಲಿ ಸುರುಳಿಯಾಗುತ್ತಿತ್ತು. ಮೊಮ್ಮಗಳು ಐಪೆರಿ ಅದನ್ನು ಊದಿ ಊದಿ ಆಕಾರ ಬದಲಿಸುತ್ತಿದ್ದಳು. ನಾನು ಉಣ್ಣೆ ಬಿಡಿಸುತ್ತ ಅರೆನಿದ್ದೆಯಲ್ಲಿ ಕೂತಿರುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಕನಸು ಬಿತ್ತು ತುರ್ಸುನ್. ನನ್ನ ಧ್ವನಿ ಮೇಲಿನ ಹುಲ್ಲುಗಾವಲಿನಲ್ಲಿ ಉಳಿದುಹೋದ ಹೆಣ್ಣುಗುದುರೆಯಾಗಿತ್ತು. ನಾವೆಲ್ಲ ಡೇರೆ ಬಿಚ್ಚಿ ಇಳಿದು ಬಂದಿದ್ದೇವೆ, ಅದೊಂದೇ ಮಂಜಿನಲ್ಲಿ ತಲೆ ತಗ್ಗಿಸಿ ಮೇಯುತ್ತಿದೆ. ಹತ್ತಿರ ಹೋದರೆ ಹೆದರಲಿಲ್ಲ, ಗುರುತೂ ಹಿಡಿಯಲಿಲ್ಲ. ಎಚ್ಚರವಾದಾಗ ಟೀ ಆರಿಹೋಗಿತ್ತು.

ಪೆಟ್ಟಿಗೆ ಮೊದಲ ದಿನ ಬಾಯಿ ಬಿಟ್ಟದ್ದೇ ಶಿಳ್ಳೆ ಹೊಡೆಯಲು. ನಾಯಿ ಹೊರಗೋಡಿತು. ಮೈಕನ್ನು ಪೆಟ್ಟಿಗೆಯ ಎದುರಿಗೇ ಹಿಡಿದಿದ್ದೆನಂತೆ, ತನ್ನ ಸದ್ದನ್ನು ತಾನೇ ನುಂಗಿ ತಾನೇ ಕಾರುತ್ತಿತ್ತು. ಮೈಕನ್ನು ನನ್ನ ರುಮಾಲಿಗೆ ಸಿಕ್ಕಿಸಿ ಪೆಟ್ಟಿಗೆಯನ್ನು ದೂರ ಇಟ್ಟಳು, ಶಿಳ್ಳೆ ನಿಂತಿತು. ಆಮೇಲೆ ಜೇನುಗೂಡಿನಂತೆ ಗುಂಯ್ ಎಂದಿತು. ಮೈಕಿನ ತಂತಿಯ ಸುತ್ತ ಹೆಣೆದ ಸಣ್ಣ ಎಳೆಗಳು ಬೆಸುಗೆ ಬಿಟ್ಟಿದ್ದವು. ಮತ್ತೆ ಹಾಕಿದಳು, ಜೇನು ಹಾರಿಹೋಯಿತು. "ಈಗ ಮಾತಾಡಿ ಅಪಾ" ಎಂದಳು.

ಏನೆನ್ನಲಿ? ಬಾಯಿಗೆ ಬಂದದ್ದು, "ಸಪರ್‌ಬೆಕ್, ಬೂಟು ವಾಪಸ್ ಕೊಡೋ ಕತ್ತೆ!"

ಅಂಗಳ ದಾಟಿ, ಬೇಲಿ ದಾಟಿ, ಹೊಳೆಯವರೆಗೂ ಹೋಯಿತು. ಆ ಬದಿಯ ದಿಣ್ಣೆಗೆ ತಾಗಿ ಇನ್ನೊಬ್ಬ ಮುದುಕಿ ಮೆಲ್ಲಗೆ ಅದನ್ನೇ ಅಂದಂತೆ ಮರಳಿ ಬಂತು. ಐಪೆರಿ ಚಪ್ಪಾಳೆ ತಟ್ಟಿದಳು. ಬೆಗಿಮಾಯ್ ಬಾಗಿಲಿಗೆ ಒರಗಿ ನಿಂತು ಸದ್ದಿಲ್ಲದೆ ನಗುತ್ತಿದ್ದಳು. ಅವಳು ನಕ್ಕು ಎಷ್ಟು ದಿನವಾಗಿತ್ತು!

ಅಂದೇ ಆ ಪೆಟ್ಟಿಗೆಗೆ ಗವಸು ಹೊಲಿಯಲು ಕೂತೆ. ನಮ್ಮ ಮನೆಯಲ್ಲಿ ಬೆಲೆಯುಳ್ಳ ಯಾವುದು ಬರಿಮೈಯಲ್ಲಿದೆ ಹೇಳು? ಪಿಂಗಾಣಿ ಬಟ್ಟಲಿಗೆ ಉಣ್ಣೆಯ ಚೀಲ, ಕನ್ನಡಿಗೆ ಉಣ್ಣೆಯ ಚೀಲ, ನಮ್ಮಮ್ಮ ರೇಡಿಯೋಗೂ ಹೊಲಿದಿದ್ದಳು. ನೀರು ಚಿಮುಕಿಸಿ, ಉರುಳಿಸಿ ತುಳಿದು ಗಟ್ಟಿ ಮಾಡಿದ ಉಣ್ಣೆಯನ್ನೇ ಆರಿಸಿದೆ, ಎರಡು ಪದರ. ಟಗರು ಕೊಂಬಿನ ಚಿತ್ತಾರ, ಕೆಂಪಿನ ಮೇಲೆ ಕಂದು. ಸ್ಪೀಕರಿನ ಮುಖ ಬಿಟ್ಟು ಉಳಿದೆಲ್ಲ ಕಡೆ ಒಂದು ಬೆರಳು ತೂರದಂತೆ ಬಿಗಿದೆ. ಚಳಿಗೆ ಬ್ಯಾಟರಿ ಸೋಲುತ್ತದೆ ಎಂದು ಬೆಗಿಮಾಯ್ ಒಮ್ಮೆ ಹೇಳಿದ್ದಳು. ಬೆಚ್ಚಗಿರಲಿ ಎಂದುಕೊಂಡೆ.

ಗವಸು ಹಾಕಿದ ದಿನದಿಂದ ಹೊಸ ಕಾಯಿಲೆ. ಬಾತಾದ ಮಾತುಗಳನ್ನು ಅಭ್ಯಾಸ ಮಾಡಲು ಶುರು ಮಾಡುತ್ತೇನೆ, "ನಿನ್ನ ದಾರಿ..." ಅನ್ನುವಷ್ಟರಲ್ಲಿ ಟಪ್ ಎಂದು ಧ್ವನಿ ಸತ್ತುಹೋಗುತ್ತದೆ. ಒಂದು ಟೀ ಕುಡಿದು ಬರುವಷ್ಟರಲ್ಲಿ ತಾನೇ ಬದುಕುತ್ತದೆ. ಮತ್ತೆ ಮಾತಾಡಿದರೆ ಮತ್ತೆ ಟಪ್. ಬೆಗಿಮಾಯ್ ಬ್ಯಾಟರಿಗೆ ಮೀಟರು ಹಿಡಿದಳು, ಸರಿಯಿತ್ತು. ಸ್ವಿಚ್ಚು ಬದಲಿಸಿದಳು. ತಂತಿ ತೆಳುವಾಯಿತೇನೋ ಎಂದು ದಪ್ಪ ತಂತಿ ಹಾಕಿದಳು. ಊಟದ ದಿನ ಹತ್ತಿರ ಬರುತ್ತಿತ್ತು. ಪ್ರತಿ ಸಲ ಬಿಚ್ಚುವಾಗಲೂ ನನ್ನ ಗವಸಿನ ಹೊಲಿಗೆಯನ್ನು ಜೋಪಾನವಾಗಿ ಬಿಡಿಸುತ್ತಿದ್ದಳು, ಬಿಚ್ಚಿಟ್ಟಾಗ ಪೆಟ್ಟಿಗೆ ಸೊಗಸಾಗಿ ಮಾತಾಡುತ್ತಿತ್ತು, ಮತ್ತೆ ಗವಸು ಹಾಕಿ ಹೊಲಿದು ಕೊಡುತ್ತಿದ್ದಳು. ಮತ್ತೆ ಟಪ್.

ನಿನಗೆ ಸುಳ್ಳು ಹೇಳಲಾರೆ. ಪ್ರತಿ ಸಲ ಅದು ಸತ್ತಾಗ ನನ್ನ ಎದೆಯಲ್ಲಿ ಏನೋ ಹಗುರಾಗುತ್ತಿತ್ತು. ಪೆಟ್ಟಿಗೆ ಮಾತಾಡದಿದ್ದರೆ ಬಾತಾ ಇಲ್ಲ, ಬಾತಾ ಇಲ್ಲದಿದ್ದರೆ ಸೊಸೆ ಹೊಸಿಲು ದಾಟುವುದಿಲ್ಲ. ಐಪೆರಿಯ ಪುಟ್ಟ ಬೂಟು ನನ್ನ ಬೂಟಿನ ಪಕ್ಕದಲ್ಲೇ ಒಣಗುತ್ತಿರುತ್ತದೆ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಒಲೆಗೆ ಬೆರಣಿ ಹಾಕುವ ಸದ್ದು ಕೇಳುತ್ತದೆ. ಅಷ್ಟು ಸಾಕಿತ್ತು ನನಗೆ.

ಕೊನೆಗೆ ಗುಟ್ಟು ರಟ್ಟು ಮಾಡಿದ್ದು ಬೆಕ್ಕು. ಒಲೆ ಉರಿಯುತ್ತಿದ್ದರೂ ಅದನ್ನು ಬಿಟ್ಟು ಪೆಟ್ಟಿಗೆಯ ಮೇಲೆ ಕಾಲು ಚಾಚಿ ಮಲಗಿತ್ತು. ಓಡಿಸಲು ಹೋದೆ. ಗವಸು ಮುಟ್ಟಿದರೆ ಆಗ ತಾನೇ ಬೇಯಿಸಿದ ರೊಟ್ಟಿಯ ಹಾಗಿತ್ತು.

ಟೀ ಕುಡಿಯುತ್ತಿದ್ದ ಸಪರ್‌ಬೆಕ್ ಕೂಡ ಮುಟ್ಟಿ ನೋಡಿದ. "ಅಯ್ಯೋ ಅತ್ತಿಗೆ, ಬಿಸಿಲಲ್ಲಿ ತುಪ್ಪಳದ ಕೋಟು ಹಾಕಿದ್ರೆ ನಾನೂ ಬಿದ್ದು ಹೋಗ್ತೀನಿ!" ಎಂದು ನಕ್ಕವನು ಥಟ್ಟನೆ ನಿಲ್ಲಿಸಿದ. ಅಂಗಳದಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಬೆಗಿಮಾಯ್ ಕಡೆ ನೋಡಿ ದನಿ ತಗ್ಗಿಸಿದ. "ಅಲ್ಲಾ, ಇವಳು ಎಷ್ಟು ವರ್ಷ ಬಜಾರಲ್ಲಿ ಕೂತವಳು. ಇದು ಬಿಸಿಯಾಗಿ ತಾನೇ ಆರಿಹೋಗ್ತಿದೆ ಅಂತ ಇವಳಿಗೆ ಗೊತ್ತಾಗಿರಲ್ವಾ?"

ಗೊತ್ತಾಗಿರುತ್ತದೆ. ಮೊದಲ ದಿನವೇ ಗೊತ್ತಾಗಿರುತ್ತದೆ. ಅತ್ತೆ ಹೊಲಿದ ಗವಸೇ ಕಾರಣ ಎಂದು ಯಾವ ಸೊಸೆ ಬಾಯಿ ಬಿಟ್ಟು ಹೇಳುತ್ತಾಳೆ ನಮ್ಮಲ್ಲಿ? ನೀನು ನಿನ್ನತ್ತೆ ಮಾಡಿದ ಉಪ್ಪುಪ್ಪಾದ ಸಾರನ್ನು ಎಷ್ಟು ವರ್ಷ ಕುಡಿದೆ, ನೆನಪು ಮಾಡಿಕೊ. ಅಷ್ಟೇ ಇರಬಹುದು. ಮರ್ಯಾದೆ ಇರಬಹುದು.

ಅಥವಾ ಅವಳಿಗೂ ಪೆಟ್ಟಿಗೆ ಬೇಗ ಸರಿಯಾಗುವುದು ಬೇಡವಾಗಿತ್ತೇ? ತುರ್ಸುನ್, ಆ ಯೋಚನೆಯನ್ನು ನಾನು ಮರಿಯ ಹಾಗೆ ಮಡಿಲಲ್ಲಿಟ್ಟುಕೊಂಡು ಇಡೀ ಒಂದು ಮಧ್ಯಾಹ್ನ ಕೂತಿದ್ದೆ. ಬಿಸಿಲು ಗೋಡೆಯಿಂದ ನೆಲಕ್ಕೆ, ನೆಲದಿಂದ ನನ್ನ ಕಾಲಿಗೆ ಬಂತು. ಸುಮ್ಮನಿದ್ದರೆ ಆಯಿತು. ನಾನೂ ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಟಪ್ ಎಂದು ಸಾಯುವ ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಮುದುಕಿಯರಾಗಬಹುದಿತ್ತು.

ಆಗ ಅವಳ ಫೋನು ಬಡಿದುಕೊಂಡಿತು. ಅವಳ ಅಣ್ಣ. ಹಿಟ್ಟಿನ ಕೈಯಲ್ಲೇ ಎತ್ತಿಕೊಂಡು, ಓಶ್‌ನ ಅಂಗಡಿ, ಕಿಟಕಿ ಯಾವ ಕಡೆಗಿದೆ, ಮೇಜಿಗೆ ಬೆಳಕು ಬೀಳುತ್ತದಾ, ಯಾವ ಯಾವ ಉಪಕರಣ ಇದೆ ಎಂದು ಕೇಳುತ್ತ ಅಂಗಳದಲ್ಲಿ ಓಡಾಡಿದಳು. ಮಾತಿಗೆ ಓಟ ಬಂದಿತ್ತು. ಕಪ್ಪು ರುಮಾಲು ಹಿಂದಕ್ಕೆ ಜಾರಿ ಹಣೆ ಕಾಣುತ್ತಿತ್ತು. ಎರ್ಮೆಕ್ ಮದುವೆಯಾಗಿ ಕರೆತಂದಾಗ ಇದೇ ಹಣೆ ಇತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ.

ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದೆ. ನನ್ನದೇ ಚಿತ್ತಾರದ ನಡುವೆ, ಕೊಂಬು ಸುರುಳಿಯಾಗುವ ಕಡೆಯೆಲ್ಲ ತೂತು ಮಾಡಿದೆ. ಹಿಂಬದಿಯ ಉಣ್ಣೆಯನ್ನು ಪೂರಾ ಕೊಯ್ದು ತೆಗೆದೆ. ಬೆಗಿಮಾಯ್ ಓಡಿಬಂದಳು. "ಅಪಾ! ಅಪಾ, ಅಷ್ಟು ಕಷ್ಟಪಟ್ಟು ಹೊಲಿದಿದ್ರಲ್ಲ!"

"ಉಸಿರಾಡ್ಲಿ ಬಿಡು" ಎಂದೆ. ಅವಳು ನೆಲದ ಮೇಲೆ ಬಿದ್ದ ಚೂರುಗಳನ್ನು ಒಂದೊಂದಾಗಿ ಆರಿಸಿ ಲಂಗದ ಜೇಬಿಗೆ ಹಾಕಿಕೊಂಡಳು. ಆಮೇಲೆ ಹಸಿರು ಬಿಲ್ಲೆಯ ಬೆನ್ನಿಗೆ ಒಂದು ಅಲ್ಯೂಮಿನಿಯಂ ತುಂಡು ಅಂಟಿಸಿ, ಕಾವು ಅದರ ಮೂಲಕ ಹೊರಹೋಗುತ್ತದೆ ಎಂದಳು. ಪೆಟ್ಟಿಗೆ ಮತ್ತೆ ಸಾಯಲಿಲ್ಲ.

ಊಟದ ದಿನ ಊರಿಗೆ ಊರೇ ಬಂದಿತ್ತು. ಕುದುರೆ ಮಾಂಸ ಚೆನ್ನಾಗಿ ಬೆಂದಿತ್ತು, ಸಪರ್‌ಬೆಕ್ ಯಥಾಪ್ರಕಾರ ಹೆಚ್ಚು ತಿಂದ. ನಾನು ಕಪ್ಪು ಬಿಚ್ಚಿ ಬಿಳಿ ರುಮಾಲು ಕಟ್ಟಿದೆ, ಅಂಗೈ ತೆರೆದೆ. "ಮಗಳೇ, ಈ ಮನೆಗೆ ಬೆಳಕಾಗಿದ್ದೆ. ನೀನು ಹೋದ ಕಡೆ ಒಲೆ ಆರದಿರಲಿ. ನಿನ್ನ ಕುದುರೆ ಎಡವದಿರಲಿ. ಎದುರು ಸಿಕ್ಕವರು ಒಳ್ಳೆಯವರಾಗಿರಲಿ. ಮಗು ನಿನ್ನ ಕೈ ಹಿಡಿದೇ ಬೆಳೆಯಲಿ. ಇನ್ನು ನಿನ್ನ ದಾರಿ ನಿನ್ನದು." ಒಂದೊಂದು ಮಾತೂ ಹೊಳೆಯಾಚೆಯ ದಿಣ್ಣೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕೂತು, ನಿಧಾನವಾಗಿ ಮರಳಿ ಬಂತು. ಅದು ನನ್ನ ಧ್ವನಿ ಅನ್ನಿಸಲಿಲ್ಲ. ನಮ್ಮಮ್ಮನದಿರಬಹುದು ಅನ್ನಿಸಿತು. ಜನರೆಲ್ಲ ಓಮಿನ್, ಹಾಗೇ ಆಗಲಿ, ಎಂದು ಅಂಗೈಗಳಿಂದ ಮುಖ ಸವರಿಕೊಂಡರು.

ನಿನ್ನೆ ಓಶ್ ವ್ಯಾನು ಬಂದಿತ್ತು. ತಾಯಿ ಮಗು ಇಬ್ಬರೂ ಹೋದರು. ಕಿಟಕಿಯಿಂದ ಐಪೆರಿ ಕೈ ಬೀಸುತ್ತಲೇ ಇದ್ದಳು, ಧೂಳಿನಲ್ಲಿ ಕೈ ಮಾತ್ರ ಸ್ವಲ್ಪ ದೂರ ಕಂಡಿತು. ಪೆಟ್ಟಿಗೆಯನ್ನು ನನಗೇ ಬಿಟ್ಟಿದ್ದಾಳೆ. "ಚಿಕ್ಕಮಾವನನ್ನ ಬೈಯೋಕೆ ಬೇಕಾಗತ್ತೆ ಅಪಾ" ಎಂದಳು. ಈಗ ಇಡೀ ಊರಿಗೆ ಕೇಳುವಂತೆ ಮಾತಾಡಬಲ್ಲೆ. ಮಾತಾಡಲು ಏನೂ ತೋಚುತ್ತಿಲ್ಲ.

ನೀನು ಮಂಡಿಗೆ ಕುರಿಯ ಬಾಲದ ಕೊಬ್ಬು ಹಚ್ಚು, ಆ ಮುಲಾಮುಗಳನ್ನೆಲ್ಲ ಎಸೆ. ನಿನ್ನ ಮನೆಯ ಹೊಗೆ ನೇರವಾಗಿ ಏಳಲಿ, ನಿನ್ನ ಮಕ್ಕಳು ಮೊಮ್ಮಕ್ಕಳು ನಿನ್ನ ಕಣ್ಣಳತೆಯಲ್ಲೇ ಇರಲಿ. ಹಾಲಿನ ವ್ಯಾನಿನವನ ಕೈಯಲ್ಲಿ ಒಣಮೊಸರಿನ ಉಂಡೆ ಕಳಿಸಿದ್ದೇನೆ. ನಿನ್ನ ಗಂಡನಿಗೆ ತೋರಿಸಬೇಡ.

ನಿನ್ನ ಅಕ್ಕ
ಜೂರಾಕಾನ್

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಬಿಟ್ಟೇ ಬಿಡೋಣ ಎಂದಿದ್ದೆ. ಓಮಿನ್ ಆದ ಮೇಲೆ ಬೆಗಿಮಾಯ್ ಬಂದು ಸ್ವಿಚ್ಚು ಆರಿಸಿ, ರುಮಾಲಿನಿಂದ ಮೈಕು ಬಿಡಿಸಲು ನನ್ನೆದುರು ಬಗ್ಗಿದಳು. ಅವಳ ಕಿವಿ ನನ್ನ ಬಾಯಿಯ ಹತ್ತಿರವೇ ಇತ್ತು. "ಹೋಗ್ಬೇಡ ಕಣೇ" ಎಂದೆ. ಅವಳ ಬೆರಳು ಕೊಕ್ಕೆಯ ಮೇಲೆ ಒಂದು ಗಳಿಗೆ ನಿಂತಿತು. ಕೊಕ್ಕೆ ಬಿಗಿಯಾಗಿತ್ತೋ, ಮಾತು ಕೇಳಿಸಿತೋ ನನಗೆ ಗೊತ್ತಿಲ್ಲ. ಮೈಕಿನ ತಂತಿಯನ್ನು ಸುರುಳಿ ಸುತ್ತಿ ನನ್ನ ಮಡಿಲಲ್ಲಿಟ್ಟು, ಐಪೆರಿಗೆ ಕೋಟು ಹಾಕಲು ಹೋದಳು.