ಎಲ್ಲರ ಎಡಗಾಲು

ಜೂನ್ ೩, ಸೋಮವಾರ. ರಾತ್ರಿ ೮

ಇವತ್ತೂ ಅದೇ ಕುಪ್ಪಳಿಕೆ. ಕಟಾದಲ್ಲಿ ಹಿಂದಕ್ಕೆ ತಿರುಗುವ ಜಾಗ ಬಂದರೆ ಸಾಕು, ಇಡೀ ಕ್ಲಾಸು ಎಡಗಾಲನ್ನು ಸರಿಯಾಗಿ ಊರದೆ ಪುಟ್ಟದಾಗಿ ಹಾರುತ್ತದೆ. ಬಿಸಿ ಹೆಂಚು ತುಳಿದ ಹಾಗೆ. ಕರಾಟೆಯಲ್ಲಿ ಕಟಾ ಅಂದರೆ ಕಾಣದ ಶತ್ರುವಿನ ಜೊತೆ ಒಬ್ಬರೇ ಮಾಡುವ ಹೊಡೆದಾಟ. ನನ್ನ ಶತ್ರುಗಳು ಚೆನ್ನಾಗಿಯೇ ಕಾಣುತ್ತಾರೆ. ಬಿಳಿ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿರುತ್ತಾರೆ.

ಬೈದೆ. ಮತ್ತೆ ಮಾಡಿಸಿದೆ. ಮತ್ತೆ ಹಾರಿದರು. ನಾನೇ ಮುಂದೆ ನಿಂತು ಮಾಡಿ ತೋರಿಸಿದೆ — ಆಮೇಲೆ ಇನ್ನೂ ಅಚ್ಚುಕಟ್ಟಾಗಿ ಹಾರಿದರು. ಕೆಳಗಿನ ಟೈರ್ ಅಂಗಡಿಯವನು ಸೂರು ಉದುರುತ್ತಿದೆ ಎಂದು ಕೂಗಿದ.

ತಿಂಗಳ ಕೊನೆಗೆ ಬೆಲ್ಟ್ ಪರೀಕ್ಷೆ. ನೋಡಲು ಬರುವವರು ನನಗೆ ಕಲಿಸಿದ ಮೇಷ್ಟ್ರು. ಕಳೆದ ವರ್ಷ ಬೇರೊಂದು ಊರಿನ ಕ್ಲಾಸನ್ನು ಪೂರ್ತಿ ಫೇಲ್ ಮಾಡಿ, ಕಲಿಸುತ್ತಿದ್ದವನ ಕೈಯಿಂದ ಕ್ಲಾಸನ್ನೇ ಕಿತ್ತುಕೊಂಡರು. ನನಗೂ ಹಾಗಾದರೆ? ಬೇರೆ ಕೆಲಸ ಬರುವುದಿಲ್ಲ. ಬೇಕಾಗಿಯೂ ಇಲ್ಲ.

ಜೂನ್ ೬, ಗುರುವಾರ

ಎಡ ಮಂಡಿ ಊದಿದೆ. ತಂಗಿಯ ಫೋನು. ಫಿಸಿಯೋಥೆರಪಿಸ್ಟ್ ಆದಾಗಿನಿಂದ ಅವಳು ಊಟ ಆಯಿತಾ ಎಂದು ಕೇಳುವುದಕ್ಕೂ ಮುಂಚೆ ಮಂಡಿ ವಿಚಾರಿಸುತ್ತಾಳೆ. ಆಪರೇಷನ್ ಮಾಡಿಸು, ಆಮೇಲೆ ಸುಮ್ಮನೆ ಕೂತಿರು ಎಂಬ ಅದೇ ರಾಗ. ಕ್ಲಾಸು ಯಾರು ತೆಗೆದುಕೊಳ್ಳುತ್ತಾರೆ, ನಿನ್ನ ಗಂಡನಾ ಎಂದೆ. ಫೋನಿಟ್ಟಳು.

ಪ್ಯಾಂಟಿನ ಒಳಗೆ ಬ್ಯಾಂಡೇಜು ಸುತ್ತಿಕೊಂಡು ಹೋಗುತ್ತೇನೆ. ಕ್ಲಾಸಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂಬಾರದು.

ಜೂನ್ ೧೧, ಮಂಗಳವಾರ

“ಯಾಕೆ ಮೇಡಂ” ತಲೆ ತಿಂದಳು. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ ಆ ಹುಡುಗಿಯನ್ನು. ಅವಳ ಪ್ರಶ್ನೆಯೇ ಅವಳ ಹೆಸರು. ಈ ಸಲ ಕಂದು ಬೆಲ್ಟಿಗೆ ನಿಂತಿದ್ದಾಳೆ. ಕೊನೆಯ ಹೊಡೆತಕ್ಕೆ ಮುಂಚೆ ಬಲಭುಜ ಚೂರು ಮೇಲೆತ್ತಬೇಕು, ಅದು ನಮ್ಮ ಮೇಷ್ಟ್ರ ಶೈಲಿ. ಅದಕ್ಕೂ ಯಾಕೆ ಮೇಡಂ. ಹೇಳಿದಷ್ಟು ಮಾಡು ಎಂದೆ. ಮುಖ ಊದಿಸಿಕೊಂಡು ಮಾಡಿದಳು.

ಕ್ಯಾಷಿಯರ್ ಸಾಹೇಬರು ಪರವಾಗಿಲ್ಲ. ಐವತ್ತು ದಾಟಿದ ಮೇಲೆ ಬ್ಯಾಂಕಿನಿಂದ ನೇರ ಇಲ್ಲಿಗೆ ಬಂದು ಬೆವರು ಸುರಿಸುತ್ತಾರೆ, ಪ್ರಶ್ನೆ ಇಲ್ಲ. ಆದರೆ ಹಾರುತ್ತಾರೆ. ಎಲ್ಲರಿಗಿಂತ ಎತ್ತರ!

ಜೂನ್ ೧೪, ಶುಕ್ರವಾರ

ಏನಂತ ಬರೆಯಲಿ.

ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಲು ತಂಗಿ ಕ್ಲಾಸಿಗೇ ಬಂದಳು. ಬಾಗಿಲಲ್ಲಿ ನಿಂತು ಒಂದು ಕಟಾ ಪೂರ್ತಿ ನೋಡಿದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಅಕ್ಕಾ, ಇವರಿಗೆಲ್ಲಾ ಒಟ್ಟಿಗೇ ಎಡ ಮಂಡಿ ಹೋಯ್ತಾ?”

ಯಾರೂ ನಗಲಿಲ್ಲ. ಕ್ಯಾಷಿಯರ್ ಸಾಹೇಬರು ಮೆಲ್ಲಗೆ ಹೇಳಿದರು: “ನೀವು ಹಂಗೇ ತಿರುಗ್ತೀರಲ್ಲ ಮೇಡಂ. ಅದು ಬರ್ಲಿ ಅಂತ ಮನೇಲೂ ಪ್ರಾಕ್ಟೀಸ್ ಮಾಡಿದೀನಿ. ನನ್ನಾಕೆ ನಗ್ತಾಳೆ.”

ಕ್ಲಾಸಿನ ಹಾಲ್‌ನಲ್ಲಿ ಕನ್ನಡಿ ಇಲ್ಲ. ಕನ್ನಡಿ ಹಾಕಿದರೆ ಕೂದಲು ಸರಿಮಾಡಿಕೊಳ್ಳುತ್ತಾ ನಿಲ್ಲುತ್ತಾರೆ ಎಂದು ನಾನೇ ಬೇಡ ಅಂದಿದ್ದೆ. ಇಷ್ಟು ದಿನ ನನ್ನ ನೋವನ್ನೇ ಅವರ ಕಾಲಲ್ಲಿ ನೋಡಿ ಬೈಯುತ್ತಿದ್ದೆ. ನಾಚಿಕೆ ಆಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ತಂಗಿಯ ಮೇಲೆ ಹಾಕಿದೆ.

ಜೂನ್ ೧೯, ಬುಧವಾರ

ಆಪರೇಷನ್‌ಗೆ ದಿನ ಗೊತ್ತಾಗಿದೆ. ಪರೀಕ್ಷೆ ಮುಗಿದ ಮೇಲೆ. ಅಲ್ಲಿಯವರೆಗೆ ಪ್ಲಾಸ್ಟಿಕ್ ಕುರ್ಚಿ. ಕೂತು ಕಲಿಸುವುದು… ಕೈ ಕಟ್ಟಿಹಾಕಿ ಬಟ್ಟೆ ಒಗೆ ಅಂದ ಹಾಗಿದೆ. ತೋರಿಸುವಂತಿಲ್ಲ, ಬಾಯಲ್ಲೇ ಹೇಳಬೇಕು. ಹಿಮ್ಮಡಿ ಊರಿ, ಸೊಂಟದಿಂದ ತಿರುಗಿ, ಕಾಲು ಆಮೇಲೆ. ಕ್ಯಾಷಿಯರ್ ಸಾಹೇಬರು ಸೊಂಟ ಹಿಡಿದುಕೊಂಡು ಕೂತರು.

ಸೊಂಟ ಮೊದಲು ಯಾಕೆ ಮೇಡಂ? ಹೇಳಿದಷ್ಟು ಮಾಡು ಎನ್ನಲು ಬಾಯಿ ತೆರೆದೆ. ಮಾಡಿ ತೋರಿಸದವಳು ಹಾಗೆನ್ನುವುದು ಹೇಗೆ? ಯೋಚನೆ ಮಾಡಿ ಉತ್ತರ ಹೇಳಿದೆ. ಹುಡುಗಿ ತಿರುಗಿದಳು. ಹಾರಲಿಲ್ಲ. ನನ್ನ ಕಣ್ಣು ತುಂಬಿತು, ದೂಳು ಎಂದು ಟೈರ್ ಅಂಗಡಿಯವನಿಗೆ ಬೈದೆ.

ಜೂನ್ ೩೦, ಭಾನುವಾರ. ಸಂಜೆ

ಎಲ್ಲರೂ ಪಾಸು. ಒಂದು ಕಾಲೂ ಹಾರಲಿಲ್ಲ. ನನ್ನ ಕ್ಲಾಸು ನನ್ನದಾಗಿಯೇ ಉಳಿಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಕಂದು ಬೆಲ್ಟು ಕಟ್ಟಿಸಿಕೊಳ್ಳುತ್ತಿದ್ದವಳು ಮೇಷ್ಟ್ರ ಮುಖ ನೋಡಿ ಕೇಳಿಯೇ ಬಿಟ್ಟಳು, ಕೊನೆಯ ಹೊಡೆತಕ್ಕೆ ಭುಜ ಯಾಕೆ ಎತ್ತಬೇಕು ಸರ್ ಎಂದು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಎತ್ತಬೇಕು ಅಂತ ಯಾರಮ್ಮಾ ಹೇಳಿದ್ದು?” ಎಂದರು ಮೇಷ್ಟ್ರು.

ಎಲ್ಲರೂ ನನ್ನ ಕಡೆ ನೋಡಿದರು. ಮೇಷ್ಟ್ರೂ ನೋಡಿದರು. ಆಮೇಲೆ ತಮ್ಮ ಭುಜ ಮುಟ್ಟಿಕೊಂಡರು. ಚಿಕ್ಕ ವಯಸ್ಸಿನಲ್ಲಿ ಸ್ಕೂಟರಿನಿಂದ ಬಿದ್ದಿದ್ದರಂತೆ. ಮೂಳೆ ಸೊಟ್ಟಗೆ ಕೂಡಿಕೊಂಡಿತ್ತಂತೆ. ಎತ್ತದಿದ್ದರೆ ಕೈ ಮುಂದೆ ಬರುತ್ತಿರಲಿಲ್ಲವಂತೆ.

“ನೀನೂ ಎತ್ತುತ್ತಾ ಬಂದಿದೀಯಾ, ಇಷ್ಟು ವರ್ಷ?” ಎಂದರು. ಹೂಂ ಎಂದೆ. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಹೋಗುವಾಗ ತಲೆಯ ಮೇಲೆ ಕೈಯಿಟ್ಟು ಹೋದರು.

ಜುಲೈ ೪, ಗುರುವಾರ. ಬೆಳಿಗ್ಗೆ ೬

ಇವತ್ತು ಆಸ್ಪತ್ರೆ. ನೀರೂ ಕುಡಿಯುವಂತಿಲ್ಲ. ಇನ್ನು ಸ್ವಲ್ಪ ಕಾಲ ಕ್ಲಾಸು ಕ್ಯಾಷಿಯರ್ ಸಾಹೇಬರದು, ಪ್ರಶ್ನೆಗಳಿಗೆ ಉತ್ತರ ಹೇಳುವುದು “ಯಾಕೆ ಮೇಡಂ” ಪಾಲಿಗೆ. ಅನುಭವಿಸಲಿ.

ಈಗಷ್ಟೇ ಅಡುಗೆಮನೆಯಲ್ಲಿ ನಿಂತು ಭುಜ ಎತ್ತದೆ ಹೊಡೆದು ನೋಡಿದೆ. ಬರಲಿಲ್ಲ. ಮತ್ತೆ ಹೊಡೆದೆ. ಬಂತು, ನೇರವಾಗಿ, ಸಲೀಸಾಗಿ. ಸರಿಯಾದ ಹೊಡೆತವೇ. ಆದರೆ ಮೇಷ್ಟ್ರು ಅದರಲ್ಲಿ ಇರಲಿಲ್ಲ. ದುಃಖ ಆಯಿತು ನನಗೆ, ಸುಳ್ಳೇಕೆ.

ತಂಗಿ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾಳೆ. ಬೀದಿಯೆಲ್ಲಾ ಎದ್ದಿರಬೇಕು. ಕ್ಲಾಸಿಗೆ ಫೋನ್ ಮಾಡಿ ಹೇಳಬೇಕು — ತಿರುಗುವಾಗ ಹಾರಬೇಡಿ. ಭುಜದ ವಿಷಯ…