ಬೆಳಗಿನ ವಾಕ್ಯದ ನಡುವಿನ ಬಿಡುವು

ಮನೆಯಿಂದ, ಇಸ್ತ್ರಿ ಮೇಜಿನ ಬಳಿಯಿಂದ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ವಂದನೆಗಳು. ಮೊದಲು ನಿಮ್ಮ ಗಂಟಲು ಹೇಗಿದೆ ಹೇಳಿ. ಕಳೆದ ವಾರ ಫೋನಿಗೆ ಬಂದ ನಿಮ್ಮ ಬೆಳಗಿನ ವಾಕ್ಯದ ಪ್ರಸಂಗದಲ್ಲಿ ಕೆಮ್ಮುತ್ತಿದ್ದಿರಿ, ಅದನ್ನು ತೆಗೆಯದೆ ಹಾಗೇ ಎಲ್ಲರಿಗೂ ಕಳಿಸಿಬಿಟ್ಟಿದ್ದಾರೆ. ಬಿಸಿನೀರು ಕುಡಿಯಿರಿ. ಪ್ರಾರ್ಥನಾ ಕೂಟ ಮುಗಿದ ಮೇಲೆ ಬೆವರಿದ ಅಂಗಿಯಲ್ಲೇ ಗಾಳಿಗೆ ನಿಲ್ಲಬೇಡಿ. ಆ ಗಂಟಲನ್ನು ನಂಬಿಕೊಂಡು ಎಷ್ಟೋ ಜನ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುತ್ತಾರಂತೆ. ನಿಮ್ಮ ಅಂಗಿಗಳನ್ನು ಅಲ್ಲಿ ಯಾರು ಇಸ್ತ್ರಿ ಮಾಡಿಕೊಡುತ್ತಾರೋ ಗೊತ್ತಿಲ್ಲ. ಚರ್ಚಿನ ಸಭೆಯವರು ತೋರಿಸಿದ ಫೋಟೋದಲ್ಲಿ ನೋಡಿದೆ, ಕಾಲರನ್ನು ತುದಿಯಿಂದ ಒಳಕ್ಕೆ ಒತ್ತುವ ಬದಲು ಒಳಗಿನಿಂದ ತುದಿಗೆ ಒತ್ತಿದ್ದಾರೆ, ಸುಕ್ಕೆಲ್ಲ ತುದಿಯಲ್ಲಿ ಕೂತಿದೆ. ಇಸ್ತ್ರಿ ಅಂಗಡಿಯಲ್ಲೇ ಹುಟ್ಟಿ ಬೆಳೆದವರು ನೀವು. ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲವೆಂದರೆ ಊರೂರಿಗೆ ವಾಕ್ಯ ಸಾರುವ ಸೇವೆಯ ಕೆಲಸ ಬಹಳ ಇರಬೇಕು ಎಂದುಕೊಂಡೆ.

ಫೋನಿರುವಾಗ ಇವಳು ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನೀವು ಹುಬ್ಬೇರಿಸಬಹುದು. ಫೋನಿದೆ, ನಿಮ್ಮದು ನಿಮ್ಮ ಕೈಯಲ್ಲಿಲ್ಲ ಅಷ್ಟೇ. ಅದನ್ನು ಹಿಡಿದುಕೊಂಡಿರುವ ನಿಮ್ಮ ಕಾರ್ಯದರ್ಶಿಗೆ ಕಳೆದ ವಾರ ಹೇಳಿ ಕಳಿಸಿದೆ: ಅಮ್ಮನಿಗೆ ನುಂಗುವುದು ಕಷ್ಟವಾಗುತ್ತಿದೆ, ನೆನಪೂ ಜಾರುತ್ತಿದೆ, ಗುರುತು ಹಿಡಿಯುವ ಹಾಗಿರುವಾಗಲೇ ಮಗನನ್ನು ಕರೆಸಿ ಎಂದು ಡಾಕ್ಟರು ಹೇಳಿದ್ದಾರೆ. ಸಂಜೆ ಉತ್ತರ ಬಂತು. ಒಂದು ಸೂರ್ಯೋದಯದ ಚಿತ್ರ, ಕೆಳಗೆ ಜೋಡಿಸಿದ ಎರಡು ಕೈ, 'ನಮ್ಮ ಪ್ರಾರ್ಥನೆಯಲ್ಲಿದ್ದೀರಿ ಸಹೋದರಿ' ಎಂಬ ಸಾಲು. ಬರುತ್ತಾರೋ ಇಲ್ಲವೋ ಎಂದು ಮತ್ತೆ ಕೇಳಿದರೆ 'ಕರ್ತನ ಚಿತ್ತವಿದ್ದರೆ' ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಅವರಿಂದ ಕಲಿಯಬೇಕು. ನಾನು ನಿಮ್ಮ ಸಹೋದರಿಯಲ್ಲ, ಹೆಂಡತಿ. ಅದಕ್ಕೇ ಲಕೋಟೆಯ ಮೇಲೆ 'ಅವರ ಕೈಗೇ ಕೊಡಿ' ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಕೈ ಬರುತ್ತಿಲ್ಲ. ನಿಮ್ಮ ಅಮ್ಮನ ಎಡಭಾಗ ನೀವು ಹೊರಟಾಗ ಹೇಗಿತ್ತೋ ಹಾಗೇ ಇದೆ, ಅಲುಗುವುದಿಲ್ಲ. ಒಳಗಿನ ಕೋಣೆಯಲ್ಲಿ ಗಾಳಿ ಸಾಲದೆಂದು ಮಂಚವನ್ನು ಅಂಗಡಿಗೂ ಅಡುಗೆಮನೆಗೂ ನಡುವೆ ತಂದು ಹಾಕಿದ್ದೇನೆ. ಅಲ್ಲಿಂದ ಅವರಿಗೆ ಬೀದಿಬಾಗಿಲು ಕಾಣುತ್ತದೆ, ನನಗೆ ಅವರು ಕಾಣುತ್ತಾರೆ. ಬಲಗೈಯನ್ನು ಹಾಸಿಗೆಯ ಮೇಲೆ ಚಪ್ಪಟೆಯಾಗಿಟ್ಟು ಮುಂದಕ್ಕೂ ಹಿಂದಕ್ಕೂ ಆಡಿಸುತ್ತಿರುತ್ತಾರೆ. ನರದ ತೊಂದರೆ ಎಂದು ನರ್ಸಮ್ಮ ಹೇಳಿದಳು, ನನಗೆ ನಗು ಬಂತು. ಅವರು ಇಸ್ತ್ರಿ ಮಾಡುತ್ತಿದ್ದಾರೆ. ಹಾಸಿಗೆಯ ಅಂಚಿಗೆ ಬಂದಾಗ ಕೈ ನಿಲ್ಲುತ್ತದೆ, ಬೆರಳಿನಿಂದ ನೀರು ಚಿಮುಕಿಸಿದ ಹಾಗೆ ಮಾಡುತ್ತಾರೆ, ಮತ್ತೆ ಶುರು. ಒಂದು ಬಟ್ಟಲು ಗಂಜಿ ತಿನ್ನಿಸುವಷ್ಟರಲ್ಲಿ ಹೊರಗೆ ಒಗೆದು ಹರವಿದ ಹೋಟೆಲಿನ ಚಾದರಗಳು ಒಣಗಿ ಸೆಟೆದು ನಿಂತಿರುತ್ತವೆ. ಚಾದರ ಮಡಿಸಲು ಇಬ್ಬರು ಬೇಕು ಎಂಬುದು ನಿಮಗೆ ನೆನಪಿರಬೇಕು: ಇಬ್ಬರೂ ಎಳೆದು ಹಿಡಿದು, ಒಮ್ಮೆ ಕೊಡವಿ, ಎದುರು ಬದುರು ನಡೆದು ಬಂದು ತುದಿ ಕೊಡುವುದು. ಮೊದಲು ಅಮ್ಮ ನೀವು, ಆಮೇಲೆ ನೀವು ನಾನು. ಈಗ ನಾನು ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ಚಿಲಕ ಒಳ್ಳೆಯದೇ, ಎದುರು ಮಾತಾಡುವುದಿಲ್ಲ. ಎದುರಿಗೆ ನಡೆದೂ ಬರುವುದಿಲ್ಲ, ಆದ್ದರಿಂದ ಎಲ್ಲ ಹೆಜ್ಜೆಯೂ ನನ್ನದೇ.

ಈಗ ನಿಮ್ಮ ಬೆಳಗಿನ ವಾಕ್ಯದ ಸಮಾಚಾರ. 'ಪ್ರಿಯ ಕುಟುಂಬವೇ' ಎಂದು ಶುರುಮಾಡುತ್ತೀರಿ. ಆ ಕುಟುಂಬದಲ್ಲಿ ನಾವೂ ಸೇರಿದ್ದೇವೆ, ಎಲ್ಲರ ಫೋನಿಗೆ ಬರುವುದೇ ನಮ್ಮ ಫೋನಿಗೂ ಬರುತ್ತದೆ. ಮೊದಲ ದಿನ, ಮಗನ ದನಿಯಾದರೂ ಕಿವಿಗೆ ಬೀಳಲಿ ಎಂದು ಫೋನನ್ನು ಅಮ್ಮನ ದಿಂಬಿನ ಪಕ್ಕ ಇಟ್ಟೆ. ನಿಮಗೊಂದು ಅಭ್ಯಾಸವಿದೆ. ಒಂದು ಪ್ರಶ್ನೆ ಕೇಳಿ, ಕೇಳುವವರು ತಮ್ಮ ಮನಸ್ಸನ್ನು ನೋಡಿಕೊಳ್ಳಲಿ ಎಂದು ಸ್ವಲ್ಪ ಹೊತ್ತು ಸುಮ್ಮನಾಗುತ್ತೀರಿ. ಆ ದಿನ 'ನಿನ್ನೆ ನೆಮ್ಮದಿಯಾಗಿ ಮಲಗಿದಿರಾ, ಇಲ್ಲ ಚಿಂತೆಯನ್ನೂ ಪಕ್ಕದಲ್ಲಿ ಮಲಗಿಸಿಕೊಂಡಿರಾ' ಎಂದು ಕೇಳಿ ನಿಲ್ಲಿಸಿದಿರಿ. 'ಎಲ್ಲಿ ನಿದ್ದೆನಪ್ಪಾ, ಸೊಂಟ ನೋಯುತ್ತೆ' ಎಂದರು ಅಮ್ಮ. 'ಆತನಿಗೆ ಹೇಳಿಕೊಳ್ಳಿ, ಆತನು ಕೇಳುತ್ತಾನೆ' ಎಂದಿರಿ ನೀವು. 'ಯಾರಿಗೆ, ಡಾಕ್ಟ್ರಿಗಾ? ಅವರೆಲ್ಲಿ ಕೇಳ್ತಾರೆ' ಎಂದರು. ನಾನು ಬಟ್ಟಲು ಹಿಡಿದುಕೊಂಡೇ ಗೋಡೆಗೆ ತಿರುಗಿ ನಕ್ಕೆ, ನಗುತ್ತಾ ನಗುತ್ತಾ ಅಳು ಬಂತು.

ಅದು ರೆಕಾರ್ಡು ಎಂದು ಅವರಿಗೆ ಹೊಳೆಯಲೇ ಇಲ್ಲ. ಮಗ ದಿನಾ ಬೆಳಿಗ್ಗೆ ಫೋನು ಮಾಡಿ ವಿಚಾರಿಸಿಕೊಳ್ಳುತ್ತಾನೆ ಎಂದೇ ನಂಬಿದರು. ನಾನೂ ತಿದ್ದಲಿಲ್ಲ. ದಿನದಲ್ಲಿ ಅವರು ಬಾಯಿ ತುಂಬ ಮಾತಾಡುತ್ತಿದ್ದದ್ದು ಅದೊಂದೇ ಹೊತ್ತಿನಲ್ಲಿ, ನೀವು ಸುಮ್ಮನಿರುವ ಹೊತ್ತಿನಲ್ಲಿ. ಕ್ಷಮೆಯ ಬಗ್ಗೆ ಕೇಳಿದ ದಿನ 'ಊಟ ಆಯ್ತೇನೋ' ಎಂದರು. ನಂಬಿಕೆಯ ಬಗ್ಗೆ ಕೇಳಿದ ದಿನ 'ಇವಳು ತುಂಬ ಇಳಿದು ಹೋಗಿದ್ದಾಳೆ, ಬಂದಾಗ ಬೈಬೇಡ' ಎಂದು ನನ್ನ ಪರವಾಗಿ ಶಿಫಾರಸು ಮಾಡಿದರು. ಕರ್ತನ ಬರೋಣದ, ಅಂದರೆ ಆತನು ಮತ್ತೆ ಬರುವ ದಿನದ ಬಗ್ಗೆ ನೀವು ಮಾತಾಡಿದ ದಿನ ಮಾತ್ರ ನನಗೆ ತಡೆಯಲಾಗಲಿಲ್ಲ. 'ಸಿದ್ಧವಾಗಿದ್ದೀರಾ' ಎಂದು ಕೇಳಿ ನಿಲ್ಲಿಸಿದಿರಿ. 'ಯಾವಾಗ ಬರ್ತೀಯೋ' ಎಂದರು ಅಮ್ಮ. 'ಬೇಗ, ನಾವು ನೆನೆಸುವುದಕ್ಕಿಂತ ಬೇಗ' ಎಂದಿರಿ. ಅಷ್ಟೇ ಸಾಕಾಯಿತು. ಹಾಸಿಗೆಗೆ ಒಗೆದ ಚಾದರ ಹಾಕಿಸಿಕೊಂಡರು, ತಲೆ ಬಾಚಿಸಿಕೊಂಡರು, ಬೆನ್ನಿಗೆ ದಿಂಬು ಕೊಡಿಸಿಕೊಂಡು ಬಾಗಿಲು ನೋಡುತ್ತಾ ಕೂತರು. ಕೈ ಇಸ್ತ್ರಿ ಮಾಡುವುದನ್ನು ಆ ದಿನ ಮರೆತಿತ್ತು. ಹೋಟೆಲಿನವನು ಗಂಟು ತೆಗೆದುಕೊಂಡು ಹೋಗಲು ಬಂದಾಗ ತಲೆ ಎತ್ತಿದರು, ಹಾಲಿನಾಕೆ ಬಂದಾಗ ಎತ್ತಿದರು. ಕತ್ತಲಾಗುವ ಹೊತ್ತಿಗೆ ನನ್ನ ಮುಖ ನೋಡಿ 'ಬಸ್ಸು ತಡ ಆಗಿರುತ್ತೆ, ನೀನು ಊಟ ಮಾಡು' ಎಂದು ನನಗೇ ಸಮಾಧಾನ ಹೇಳಿದರು.

ಇಷ್ಟಾದರೂ ನಾನು ಸುಮ್ಮನೇ ಇದ್ದೆ. ಆದರೆ ಮೊನ್ನೆ ಭಾನುವಾರ ನೀವು ದೊಡ್ಡ ಕೂಟದಲ್ಲಿ ನನ್ನನ್ನು ದೃಷ್ಟಾಂತ ಮಾಡಿದಿರಂತೆ. ಔಷಧಿ ಅಂಗಡಿಯಾಕೆ ಕೇಳಿಸಿಕೊಂಡು ಬಂದು ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡಳು. 'ನನ್ನ ಹೆಂಡತಿ ಹಾಸಿಗೆ ಹಿಡಿದ ನನ್ನ ತಾಯಿಯನ್ನು ಎತ್ತಿ ಇಳಿಸುವಾಗ ಕೀರ್ತನೆ ಹಾಡುತ್ತಾಳೆ, ಒಂದು ದಿನವೂ ಗೊಣಗಿದವಳಲ್ಲ' ಎಂದಿರಂತೆ. ರೀ, ಯಾವ ಕಿಟಕಿಯಿಂದ ನೋಡಿದಿರಿ? ನಾನು ಗೊಣಗುತ್ತೇನೆ. ಬಾಲ್ದಿ ಕುಕ್ಕುತ್ತೇನೆ. ಅಮ್ಮನನ್ನು ಎತ್ತುವಾಗ ನನ್ನ ಬಾಯಿಂದ ಬರುವುದು ಕೀರ್ತನೆಯಲ್ಲ, ನಿಮ್ಮ ಹೆಸರು, ಅದರ ಹಿಂದೆ ಮುಂದೆ ಇನ್ನೂ ಒಂದೆರಡು ಮಾತು. ಅಮ್ಮ ಅದನ್ನು ಕೇಳಿ 'ಇನ್ನೊಂದು ಸೇರಿಸು' ಎನ್ನುತ್ತಾರೆ. ನನ್ನ ಬೆನ್ನು ನೋವನ್ನು ನೀವು ಹೊರಲಿಲ್ಲ, ಅದನ್ನು ಹಾಡು ಮಾಡಿ ಊರಿಗೆಲ್ಲ ಹಂಚಿದಿರಿ. ಈಗ ನಾನು ಅಂಗಡಿಯಲ್ಲಿ ಮುಖ ಗಂಟಿಕ್ಕುವ ಹಾಗೂ ಇಲ್ಲ. ಬಂದವರೆಲ್ಲ 'ನಿಮ್ಮಿಂದ ನಮಗೆ ಎಷ್ಟು ಧೈರ್ಯ ಬಂತು' ಎಂದು ಹೇಳಿ, ಅಂಗಿ ಇಸ್ಕೊಂಡು, ಮನೆಗೆ ಹೋಗುತ್ತಾರೆ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆಯನ್ನು ಅಮ್ಮ ಮಾವನವರ ಮೇಲೆ ಬಳಸುತ್ತಿದ್ದರು, ನನ್ನ ಪಾಲಿಗೆ ಅದು ಆಸ್ತಿಯ ಹಾಗೆ ಬಂದಿದೆ.

ಸಭೆಯ ಹೆಂಗಸರೂ ಒಂದು ಸಲ ಬಂದಿದ್ದರು. ಮಂಚದ ಸುತ್ತ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರೂ ಒಂದೊಂದು ವಾಕ್ಯ ಹೇಳಿದರು. ಎಲ್ಲ ಒಳ್ಳೆಯ ವಾಕ್ಯಗಳೇ, ತಪ್ಪು ಹೇಳಬಾರದು. ಹದ್ದಿನಂತೆ ರೆಕ್ಕೆ ಚಾಚಿ ಏರುವುದು, ಭಾರ ಹೊತ್ತವರಿಗೆ ವಿಶ್ರಾಂತಿ ಸಿಗುವುದು. ಅಷ್ಟು ಹೊತ್ತೂ ಅಮ್ಮನ ಚಾದರ ಒದ್ದೆಯಾಗಿತ್ತು, ಆ ಹೆಂಗಸರು ಎದ್ದರೆ ಬದಲಿಸೋಣ ಎಂದು ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಎಲ್ಲರೂ ಹೋದ ಮೇಲೆ ಚರ್ಚಿನ ಗಂಟೆ ಹೊಡೆಯುವವನ ಹೆಂಡತಿ ಒಬ್ಬಳು ಉಳಿದಳು. ಆಕೆಗೆ ವಾಕ್ಯ ಬಾಯಿಗೆ ಬರುವುದಿಲ್ಲ, ತನ್ನ ಸರದಿ ಬಂದಾಗ 'ನಂದೂ ಅದೇ' ಎಂದಿದ್ದಳು. ಚಾದರದ ಆ ಕಡೆ ಹಿಡಿದಳು. ಆಮೇಲೆ ಅಮ್ಮನ ಕಾಲನ್ನು ಬಿಸಿನೀರಿನಲ್ಲಿ ನೆನೆಸಿ, ಮಡಿಲಲ್ಲಿಟ್ಟುಕೊಂಡು, ಉಗುರು ಕತ್ತರಿಸಿದಳು. ಬಾಗಿ ಕೂತ ಆಕೆಯನ್ನು ನೋಡುವಾಗ ಸೊಂಟಕ್ಕೆ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಯೇಸುವಿನ ನೆನಪು ನನಗೆ ತಾನಾಗಿ ಬಂತು, ಯಾರೂ ಹೇಳಿಕೊಡದೆ. ಆ ರಾತ್ರಿ ಮಾತ್ರ ನಾನು ನಿಜವಾಗಿ ಪ್ರಾರ್ಥನೆ ಮಾಡಿದೆ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಕರ್ತನ ಮೇಲೆ ಸಿಟ್ಟಿಲ್ಲ, ನಿಮ್ಮ ಮೇಲಿದೆ. ಎರಡೂ ಒಂದೇ ಎಂದು ನಿಮ್ಮ ಕಾರ್ಯದರ್ಶಿ ತಿಳಿದಿರಬಹುದು. ಸತ್ಯವೇದ ಓದುವುದನ್ನು ನನಗೆ ಕಲಿಸಿದವರು ನೀವೇ, ಈ ಮೇಜಿನ ಆ ಕಡೆ ನಿಂತು. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಕೊಟ್ಟುಬಿಟ್ಟೆ ಎಂದು ಕೈ ಕೊಡವಿಕೊಳ್ಳುವವರನ್ನು ಯೇಸು ಏನೆಂದು ಕರೆದನು? ಕಪಟಿಗಳೆಂದಲ್ಲವೇ? ಆ ಭಾಗದ ಮೇಲೆ ನೀವು ಬೆಳಗಿನ ವಾಕ್ಯ ಹೇಳಿದ್ದು ನಾನು ಕೇಳಿಲ್ಲ. ಹೇಳಿದ್ದರೆ ಯಾವ ದಿನದ್ದು ತಿಳಿಸಿ, ಹುಡುಕಿ ಕೇಳುತ್ತೇನೆ. ಶಿಲುಬೆಯ ಮೇಲೆ, ಕೈಕಾಲಿಗೆ ಮೊಳೆ ಹೊಡೆಸಿಕೊಂಡಿದ್ದಾಗಲೂ, ತನ್ನ ತಾಯಿ ಮುಂದೆ ಯಾರ ಮನೆಯಲ್ಲಿರಬೇಕು ಎಂದು ಆತನು ಏರ್ಪಾಡು ಮಾಡಿದನು. ಲೋಕದ ಪಾಪವನ್ನೆಲ್ಲ ಹೊರುವ ಕೆಲಸದ ನಡುವೆ ಆತನಿಗೆ ಬಿಡುವು ಸಿಕ್ಕಿತು. ನಿಮ್ಮ ಕೂಟಗಳು ಅದಕ್ಕಿಂತ ದೊಡ್ಡವೇನೋ ನನಗೆ ತಿಳಿಯದು.

ಇದನ್ನು ಓದಿ ನನಗೆ ಸಹನೆಯ ಬಗ್ಗೆ ವಾಕ್ಯ ಕಳಿಸಬೇಡಿ. ನನ್ನಲ್ಲಿ ಬೇಕಾದಷ್ಟಿವೆ. ನನಗಾಗಿ ಬನ್ನಿ ಎಂದೂ ಕೇಳುತ್ತಿಲ್ಲ, ನನಗೆ ಚಿಲಕ ಅಭ್ಯಾಸವಾಗಿದೆ. ಅಮ್ಮನಿಗೆ ನಿಮ್ಮ ಗುರುತು ಇರುವಾಗ ಒಮ್ಮೆ ಬಂದು ಮುಖ ತೋರಿಸಿ. ಡಾಕ್ಟರು ದಿನ ಹೇಳಲಿಲ್ಲ, ತಲೆ ಅಲ್ಲಾಡಿಸಿದರು.

ಗಂಟಲು ನೋಡಿಕೊಳ್ಳಿ. ಊಟಕ್ಕೆ ಮುಂಚೆ ಮಾತ್ರೆ ಮರೆಯಬೇಡಿ. ಆತನ ಕೃಪೆ ನಿಮ್ಮನ್ನು ಕಾಯಲಿ, ಬಸ್ಸು ಹತ್ತಿಸುವಷ್ಟಾದರೂ ಕಾಯಲಿ.

ಇಂತಿ,
ಒಂದು ದಿನವೂ ಗೊಣಗದ ನಿಮ್ಮ ಹೆಂಡತಿ

ಮರೆತ ಮಾತು: ಬುಧವಾರ ಬೆಳಿಗ್ಗೆ, ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ಈಗಷ್ಟೇ ನಿಮ್ಮ ವಾಕ್ಯ ಮುಗಿಯಿತು. ನೀವು 'ಇಂದು ನಿಮ್ಮ ಎದೆಯ ಮೇಲೆ ಯಾವ ಭಾರವಿದೆ' ಎಂದು ಕೇಳಿ ಸುಮ್ಮನಾದಿರಿ. ಅಮ್ಮ ಏನೂ ಹೇಳಲಿಲ್ಲ. ಕೊನೆಯವರೆಗೂ ಕೇಳಿಸಿಕೊಂಡು, ನನ್ನ ಕಡೆ ತಿರುಗಿ 'ಯಾರಮ್ಮಾ ಇವರು, ಎಷ್ಟು ಚೆನ್ನಾಗಿ ಮಾತಾಡ್ತಾರೆ, ಇಂಥ ಮಗನ್ನ ಹೆತ್ತ ತಾಯಿ ಭಾಗ್ಯವಂತೆ' ಎಂದರು. ಆಮೇಲೆ ಬಾಗಿಲು ನೋಡಿ 'ನನ್ನ ಮಗ ಇನ್ನೂ ಬರ್ಲಿಲ್ವಾ' ಎಂದರು. ರೀ, ಇವತ್ತೇ ಹೊರಡಿ. ಬಂದು ಆ ಕೂಟದ ದನಿಯಲ್ಲಿ ಮಾತಾಡಬೇಡಿ, ಆ ದನಿಯವನು ಅವರಿಗೆ ಯಾರೂ ಅಲ್ಲ. ಹಿಂದೆ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಕೂಗುತ್ತಿದ್ದ ಹಾಗೆ, ಅಂಗಡಿಯ ಹೊಸ್ತಿಲಲ್ಲಿ ನಿಂತು 'ಅಮ್ಮಾ, ಹೊಟ್ಟೆ ಹಸೀತಿದೆ, ಏನಾದ್ರೂ ಕೊಡು' ಎಂದು ಕೂಗಿ. ಅದಕ್ಕೆ ತಿರುಗಿ ನೋಡಿದರೂ ನೋಡಬಹುದು. ನೋಡದೆ ಹೋದರೆ ಒಳಗೆ ಬಂದು ಚಾದರದ ಆ ಕಡೆ ಹಿಡಿಯಿರಿ.