ಬರಿದಾಗಿ ಮರಳಿದ ತಟ್ಟೆಗಳು

ಗದಗ, ಕ್ರಿ.ಶ. 2219
ಎಂಟನೆಯ ಅಲೆಯ ನೂರಾ ಹತ್ತನೆಯ ದಿನ

ಇನ್ನೂರು ವರ್ಷ ಹಿಂದಿನವರಿಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ಅಡುಗೆ ಪುಸ್ತಕಗಳಿಂದ ಕಲಿತವಳು. 'ರುಚಿಗೆ ತಕ್ಕಷ್ಟು ಉಪ್ಪು' ಎಂಬುದರಾಚೆ ಹೆಚ್ಚು ಬಾರದು. ಇಲ್ಲಿ ಹದಿನಾಲ್ಕನೆಯ ಕೋಣೆಯ ಬಸುರಿ ಮೂರು ದಿನ ಉಂಡಿರಲಿಲ್ಲ. ಅದಕ್ಕೆ ಕಾರಣ ನಾನು. ಅದನ್ನು ಹೇಳಲೆಂದೇ ಈ ಓಲೆ.

ನನ್ನ ಹೆಸರು ನೀಲಗಂಗಾ. ಉಸಿರುಬೇನೆಯವರನ್ನು ಇರಿಸುವ 'ಒಂಟಿಮನೆ'ಯಲ್ಲಿ ತೂಕದವಳು. ಒಂಟಿಮನೆಯೆಂದರೆ ಸಾಲು ಕೋಣೆಗಳು, ಕೋಣೆಗೊಬ್ಬರು. ಬಾಗಿಲು ಸದಾ ಮುಚ್ಚಿರುತ್ತದೆ, ಊಟ ಗೋಡೆಯ ಕಿಂಡಿಯಿಂದ ಒಳಗೆ ಹೋಗುತ್ತದೆ. ಈ ಬೇನೆ ಮೊದಲು ನಾಲಿಗೆಯ ರುಚಿಯನ್ನು ಕಸಿಯುತ್ತದೆ, ಆಮೇಲೆ ಹಸಿವನ್ನು. ಉಣ್ಣದಿದ್ದರೆ ಜ್ವರದ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಕಡೆಗೆ ಕೆಮ್ಮುವಷ್ಟೂ ಕಸುವು ಉಳಿಯುವುದಿಲ್ಲ. ಅದಕ್ಕೇ ಜೋಳದ ನುಚ್ಚು, ಹೆಸರುಕಾಳು, ಮೊಟ್ಟೆ, ಒಂದು ಹಿಡಿ ಶೇಂಗಾ ಅಳೆದು ಕಳಿಸುತ್ತೇವೆ. ತಟ್ಟೆ ಹಿಂದಿರುಗಿದಾಗ ಉಳಿದದ್ದನ್ನು ತೂಗುತ್ತೇವೆ, ಇದು 'ಮರಳುತೂಕ'. ಏನೂ ಉಳಿಯದಿದ್ದರೆ 'ಪೂರ್ತಿ' ಎಂದು ಬರೆಯುತ್ತೇವೆ. ಉಂಡವರ ಮುಖ ನೋಡುವುದು ನಮ್ಮ ಕೆಲಸವಲ್ಲ.

ನನ್ನನ್ನು ಸಾಕಿ ಬೆಳೆಸಿದ ಚಿಗವ್ವ ದಾನಮ್ಮ, ನನ್ನ ತಾಯಿಯ ತಂಗಿ, ಹದಿಮೂರನೆಯ ಕೋಣೆಯಲ್ಲಿದ್ದಳು. ಹತ್ತೊಂಬತ್ತು ದಿನ ಅವಳ ತಟ್ಟೆ ಬೆರಳಿನಿಂದ ಬಳಿದಂತೆ ಬಂತು. ಪ್ರತಿಸಲವೂ ನಾನೇ 'ಪೂರ್ತಿ' ಎಂದು ಬರೆದೆ. "ಉಂಡೆನವ್ವಾ, ಭಾಳ ರುಚಿ ಆಗಿತ್ತು" ಎಂದು ಕಿಂಡಿಯಾಚೆಯಿಂದ ಹೇಳುತ್ತಿದ್ದಳು. ಬಡಿಸಿದವರ ಮುಂದೆ ಹಾಗೆ ಹೇಳುವುದು ನಮ್ಮ ರೂಢಿ. ನಾಲಿಗೆ ಸತ್ತವಳಿಗೆ ರುಚಿ ಹೇಗೆ ತಿಳಿಯಿತೆಂದು ನನಗೆ ಹೊಳೆಯಲೇ ಇಲ್ಲ. ಇಪ್ಪತ್ತನೆಯ ದಿನ ಅವಳು ಏಳಲಿಲ್ಲ. ವೈರಸ್ ಮೈಬಿಟ್ಟು ವಾರವಾಗಿತ್ತೆಂದು ವೈದ್ಯರು ಹೇಳಿದರು, ಕೊಂದದ್ದು ಹಸಿವು. ನನಗೆ ಅಳು ಬರಲಿಲ್ಲ. ಅವತ್ತು ಮಧ್ಯಾಹ್ನವೂ ನಲವತ್ತು ತಟ್ಟೆ ತೂಗಿದೆ.

ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ನೀರಿನ ಕೊಳವೆ ಹಾಯಲು ಒಂದು ತೂತಿದೆ. ಚಿಗವ್ವನ ಕೋಣೆ ತೆರವು ಮಾಡುವಾಗ ಅದರ ಅಂಚಿಗೆ ನುಚ್ಚು ಅಂಟಿತ್ತು. ಅದರಿಂದಲೇ ಚಿಗವ್ವ ತನ್ನ ಊಟವನ್ನೆಲ್ಲ ಪಕ್ಕದ ಹದಿನಾಲ್ಕನೆಯ ಕೋಣೆಯ ಬಸುರಿ ಮಹಬೂಬಿಗೆ ದಾಟಿಸುತ್ತಿದ್ದಳು. "ನಂಗ ಎರಡು ತಟ್ಟಿ ಬರ್ತಾವ, ಒಂದು ನೀ ಉಣ್ಣು" ಎಂದು ನಂಬಿಸಿದ್ದಳಂತೆ, ನಾನು ಕೇಳಿದಾಗ ಮಹಬೂಬಿಯೇ ಹೇಳಿದಳು. ರುಚಿ ತಿಳಿಯದ ಬಾಯಿಗೆ ಅನ್ನ ಹಾಕುವುದು ದಂಡ ಎಂಬುದು ಚಿಗವ್ವನ ಹಟ. ಅನ್ನವನ್ನು ಅಷ್ಟು ದೊಡ್ಡದಾಗಿ ಕಂಡವಳು. ಮಹಬೂಬಿಗೆ ಏಳು ತಿಂಗಳು. ಅವಳಿಗೆ ನಿಜ ಗೊತ್ತಿರಲಿಲ್ಲ. ಚಿಗವ್ವನಿಗೆ ಬರುತ್ತಿದ್ದದ್ದು ಒಂದೇ ತಟ್ಟೆ, ಅವಳು ಉಪವಾಸ ಸತ್ತಳೆಂದು ನಾನೇ ಹೇಳಿಬಿಟ್ಟೆ. ಹೇಳಬಾರದಿತ್ತು, ಯಾರಿಗಾದರೂ ನೋಯಲಿ ಎಂದೇ ಹೇಳಿದೆನೇನೋ, ನನಗಂತೂ ನೋಯುತ್ತಿರಲಿಲ್ಲ. ಅಂದಿನಿಂದ ಮಹಬೂಬಿಯ ತಟ್ಟೆ ಕಳಿಸಿದ ಹಾಗೇ ವಾಪಸ್ಸು ಬರುತ್ತಿತ್ತು.

ಇಂದು ಮಧ್ಯಾಹ್ನ ಅವಳ ಕಿಂಡಿಯ ಮುಚ್ಚಳ ತೆಗೆದಿಟ್ಟು, ಆರಡಿ ದೂರದಲ್ಲಿ ನೆಲದ ಮೇಲೆ ಕುಳಿತೆ. ಇದು ನಿಯಮಕ್ಕೆ ವಿರುದ್ಧ. ಮೇಲಿನವರಿಗೆ ತಿಳಿದರೆ ನಾಳೆ ನನಗೆ ಕೆಲಸವಿರುವುದಿಲ್ಲ. ಮೊದಲ ಸಲ ಅವಳ ಮುಖ ನೋಡಿದೆ.

"ಆ ಅಮ್ಮನ ಜೀವಾ ತಿಂದ ಬಾಯಿ ಇದು, ಅಕ್ಕಾ. ಇನ್ನ ತೆರಿಯೂದಿಲ್ಲ" ಎಂದಳು.

ಅವಳ ಮೇಲೆ ನನಗೆ ಸಿಟ್ಟಿತ್ತು. ಸುಳ್ಳೇಕೆ? "ನಿನ್ನ ಸಮಾಧಾನ ಮಾಡಾಕ ಬಂದಿಲ್ಲ" ಎಂದೆ. "ಆಕಿ ಉಣ್ಣೂದನ್ನ ನಾ ನೋಡಲಿಲ್ಲ. ನೀ ಉಣ್ಣೂದನ್ನ ನೋಡತೀನಿ."

ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನುಚ್ಚು ಆರಿಹೋಯಿತು. ಆಮೇಲೆ ಒಂದು ತುತ್ತು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ನುಂಗಿದಳು. ಅವಳ ಗಂಟಲು ಏರಿ ಇಳಿದದ್ದನ್ನು ಕಂಡೆ.

ನಿಮ್ಮಲ್ಲಿಗೂ ಈ ಬೇನೆ ಬರುತ್ತದೆ. ದೂರವಿರಿ, ಮೂಗುಬಾಯಿ ಮುಚ್ಚಿಕೊಳ್ಳಿ. ಆದರೆ ಉಣ್ಣುವವರು ನುಂಗುವ ತನಕ ಅವರೆದುರಿನಿಂದ ಏಳಬೇಡಿ, ಕೈಮುಗಿಯುತ್ತೇನೆ.

ಅವಳ ಕಿಂಡಿಯೆದುರೇ ಕುಳಿತು ಇಷ್ಟು ಬರೆದೆ, ಇನ್ನು ಬರೆಯಲಾರೆ. ಅವಳ ತಟ್ಟೆಯಲ್ಲಿ ಇನ್ನೂ ಅರ್ಧ ಇದೆ.

ನೀಲಗಂಗಾ